ಬೋಟ್ ಎಂಜಿನ್ನಿನ ಟೆಂಪರೇಚರ್, ಆಯಿಲ್ ಪ್ರೆಷರ್: ನಾನು ದೋಷ ಹುಡುಕುವ ಬಗೆ

ಬೋಟಿನ ಮೀಟರ್ ಏನೋ ವಿಚಿತ್ರ ತೋರಿಸುತ್ತಿದೆ ಎಂದು ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ಎರಡೂ ಮುಳ್ಳು ಯಾವ ಕಡೆ ಹೋದವು? ಟೆಂಪರೇಚರ್ ಏರಿ ಆಯಿಲ್ ಪ್ರೆಷರ್ ಇಳಿದಿದ್ದರೆ ಎಂಜಿನ್ ನಿಜವಾಗಿಯೂ ಸಂಕಟದಲ್ಲಿದೆ. ಕಾದ ಆಯಿಲ್ ತೆಳುವಾಗುತ್ತದೆ, ಪ್ರೆಷರ್ ಬೀಳುತ್ತದೆ. ಅದು ಒಂದೇ ರೋಗದ ಎರಡು ಲಕ್ಷಣ. ಎರಡೂ ಒಟ್ಟಿಗೆ ಮೇಲಕ್ಕೆ ಜಿಗಿದರೆ, ಅದರಲ್ಲೂ ಲೈಟ್ ಹಾಕಿದ ಕ್ಷಣಕ್ಕೇ ಜಿಗಿದರೆ, ದೋಷ ವೈರಿಂಗಿನಲ್ಲಿರಬಹುದೆಂದು ನಾನು ಸ್ಪ್ಯಾನರ್ ಬಿಟ್ಟು ಮಲ್ಟಿಮೀಟರ್ ತೆಗೆಯುತ್ತೇನೆ. ಅಷ್ಟು ದೊಡ್ಡ ಕಬ್ಬಿಣದ ಮುದ್ದೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯುವುದಿಲ್ಲ.

ನಾನು ಬಾಗಲಕೋಟೆಯವನು. ಟ್ರ್ಯಾಕ್ಟರ್, ಪಂಪ್‌ಸೆಟ್ ಕೆಲಸ ಕಲಿತು ಬೋಟಿಗೆ ಬಂದವನು. ಆಲಮಟ್ಟಿ 519.60 ಮೀಟರಿಗೆ ತುಂಬಿತೆಂದರೆ ಘಟಪ್ರಭೆಯ ಹಿನ್ನೀರು ನಮ್ಮ ಊರಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಬೀಳಗಿ, ಕೊಲ್ಹಾರ, ಕೂಡಲಸಂಗಮ ಎಲ್ಲ ಕಡೆಯೂ ನೀರೇ ನೀರು. ಇಲ್ಲಿನ ನೀರಿಗೆ ಉಪ್ಪಿಲ್ಲ, ಆದರೆ ಮಳೆಗಾಲದಲ್ಲಿ ರಾಡಿ, ಬೇಸಿಗೆಯಲ್ಲಿ ಪಾಚಿ, ನಡುವೆ ಅಂತರಗಂಗೆ, ಹರಿದ ಬಲೆಯ ನೂಲು. ಎಂಜಿನ್ ಕಾಯುವುದಕ್ಕೆ ಇವಿಷ್ಟು ಸಾಕು.

ಬೀಳಗಿ ಕಡೆಯ ಬೋಟೊಂದರ ಕಥೆ ಹೇಳುತ್ತೇನೆ, ಯಾಕೆಂದರೆ ಮುಳ್ಳು ಹೇಗೆ ಮೋಸ ಮಾಡುತ್ತದೆ ಅನ್ನುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಬೋಟಿನ ಹಿರಿಯರು ನಡುನೀರಿನಿಂದಲೇ ಫೋನ್ ಮಾಡಿದ್ದರು. ಟೆಂಪರೇಚರ್ 100 ದಾಟಿತ್ತಂತೆ, ಆಮೇಲೆ ಸರ್ರನೆ 50ಕ್ಕೆ ಇಳಿಯಿತಂತೆ.

“ತಮ್ಮಾ, ಮುಳ್ಳು ತಾನ ಇಳೀತಪಾ. ಈಗ ತಣ್ಣಗಾಗೇತಿ.”

“ತಣ್ಣಗಾಗಿಲ್ಲ ಕಾಕಾ, ಸೆನ್ಸರಿಗೆ ನೀರು ಸಿಗವಲ್ದು. ಮೊದ್ಲ ಎಂಜಿನ್ ಬಂದ್ ಮಾಡ್ರಿ, ಲಂಗರು ಬಿಡ್ರಿ. ಕ್ಯಾಪ್ ಮಾತ್ರ ಮುಟ್ಟಬ್ಯಾಡ್ರಿ.”

ಸೆನ್ಸರಿನ ತುದಿ ಕೂಲಂಟ್‌ನಲ್ಲಿ, ಅಂದರೆ ಎಂಜಿನ್ ತಣಿಸುವ ನೀರಿನಲ್ಲಿ, ಮುಳುಗಿದ್ದರಷ್ಟೇ ಅದು ಎಂಜಿನ್ನಿನ ಬಿಸಿಯನ್ನು ಸರಿಯಾಗಿ ಹೇಳುತ್ತದೆ. ನೀರು ಸೋರಿ ಅಲ್ಲಿ ಗಾಳಿ ಅಥವಾ ಹಬೆ ನಿಂತರೆ ಮುಳ್ಳು ಕೆಳಗೆ ಬರುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮಾತ್ರ ಸುಡುತ್ತಲೇ ಇರುತ್ತದೆ. ಕಾರಣವಿಲ್ಲದೆ ಇಳಿದ ಟೆಂಪರೇಚರ್ ಏರಿದ್ದಕ್ಕಿಂತ ಕೆಟ್ಟದ್ದು ಎಂದು ನಾನು ಎಲ್ಲ ಅಂಬಿಗರಿಗೂ ಹೇಳುತ್ತೇನೆ.

ದಡಕ್ಕೆ ಎಳೆದು ತಂದ ಮೇಲೆ ಕೇಳಿದೆ: ಸೈಲೆನ್ಸರಿನಿಂದ ನೀರು ಎಂದಿನಂತೆ ಬೀಳುತ್ತಿತ್ತೇ? ಬೀಳುತ್ತಿತ್ತು ಅಂದರು. ಅದು ದೊಡ್ಡ ಸುಳಿವು. ಆ ಬೋಟಿನಲ್ಲಿ ಹೊಳೆಯ ನೀರು ಹೀಟ್ ಎಕ್ಸ್‌ಚೇಂಜರಿನಲ್ಲಿ ಕೂಲಂಟ್‌ನ ಬಿಸಿ ಹೀರಿ ಹೊರಗೆ ಹೋಗುತ್ತದೆ, ಒಳಗೆ ಬೇರೆ ಕೂಲಂಟ್ ಸುತ್ತುತ್ತದೆ. ಹೊರಗಿನ ನೀರು ಕಡಿಮೆಯಾಗಿದ್ದರೆ ಜಾಳಿಗೆ, ನೀರೆತ್ತುವ ಪಂಪಿನ ರಬ್ಬರ್ ಇಂಪೆಲ್ಲರ್, ಪೈಪು ನೋಡಬೇಕಿತ್ತು. ಹಳೆಯ ಸಕ್ಷನ್ ಪೈಪಂತೂ ಹೊರಗೆ ಗಟ್ಟಿಯಾಗಿ ಕಂಡರೂ ಒಳಪದರ ಬಿಟ್ಟುಕೊಂಡು, ರೇಸ್ ಕೊಟ್ಟಾಗ ಮಾತ್ರ ಮುಚ್ಚಿಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ ನಿಂತು ನೋಡಿದರೆ ಅದು ಎಂದೂ ಸಿಗುವುದಿಲ್ಲ. ಇಲ್ಲಿ ಹೊರಗಿನ ನೀರು ಸರಿ ಇದ್ದುದರಿಂದ ನೇರ ಒಳಗಿನ ಸುತ್ತಿಗೇ ಹೋದೆ. ಎಂಜಿನ್ ಪೂರ್ತಿ ಆರಿದ ಮೇಲೆ ಕ್ಯಾಪ್ ತೆಗೆದರೆ ಟ್ಯಾಂಕ್ ಬರಿದು. ಆಲ್ಟರ್ನೇಟರಿನ ಬ್ರ್ಯಾಕೆಟಿಗೆ ಪೈಪೊಂದು ಉಜ್ಜಿ ಉಜ್ಜಿ ಸೂಜಿಮೊನೆಯಷ್ಟು ತೂತಾಗಿತ್ತು.

ಪೈಪ್ ಬದಲಿಸಿದರೆ ಕೆಲಸ ಮುಗಿಯಿತೆಂದು ನಾನು ಬಿಡುವುದಿಲ್ಲ. ಅಷ್ಟು ಕಾದ ಎಂಜಿನ್ನಿನಲ್ಲಿ ಹೆಡ್ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿ ಆಯಿಲ್‌ಗೆ ಕೂಲಂಟ್ ಸೇರಿರಬಹುದು. ಡಿಪ್‌ಸ್ಟಿಕ್ ತೆಗೆದು ಬೆರಳಲ್ಲಿ ಉಜ್ಜಿ ನೋಡಿದೆ. ಹಾಲು ಬೆರೆತ ಬಣ್ಣ ಇರಲಿಲ್ಲ. ಮಟ್ಟ ಏರಿರಲಿಲ್ಲ, ಡೀಸೆಲ್ ವಾಸನೆಯೂ ಇರಲಿಲ್ಲ. ಆಮೇಲೆ ದಡದ ಮೇಲೆ ಹಂಚು ಕಾಯಿಸಿ ಎರಡು ಹನಿ ಆಯಿಲ್ ಬಿಟ್ಟೆ. ಆಯಿಲ್‌ನಲ್ಲಿ ನೀರಿದ್ದರೆ ಚಟಪಟ ಅನ್ನುತ್ತದೆ. ಬರೀ ಹೊಗೆ ಬಂದು ಹರಡಿದರೆ ನೀರಿಲ್ಲ. ಬರೀ ಹೊಗೆ ಬಂತು. ಕೂಲಂಟ್ ತುಂಬಿ, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೂ ಕಾದೆ. ಎಂಜಿನ್ ಓಡುವಾಗ ಮತ್ತೆ ಮತ್ತೆ ಗುಳ್ಳೆ ಎದ್ದಿದ್ದರೆ ಗ್ಯಾಸ್ಕೆಟ್ ಬಿಚ್ಚಲೇಬೇಕಿತ್ತು. ಏಳಲಿಲ್ಲ.

ಇನ್ನು ಪ್ರೆಷರ್. ಡ್ಯಾಶಿನ ಮೀಟರನ್ನು ನಂಬಿ ನಾನು ಬೇರಿಂಗಿನ ಬಗ್ಗೆ ತೀರ್ಪು ಕೊಡುವುದಿಲ್ಲ. ಸೆನ್ಸರ್ ಬಿಚ್ಚಿ ಅದೇ ತೂತಿಗೆ ಪೈಪಿನ ಮೆಕ್ಯಾನಿಕಲ್ ಗೇಜ್ ಹಾಕುತ್ತೇನೆ. ಅದಕ್ಕೆ ಕರೆಂಟೂ ಬೇಡ, ಅರ್ಥಿಂಗೂ ಬೇಡ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಚದರ ಸೆಂಟಿಮೀಟರಿಗೆ 1 ಕೆಜಿಯ ಆಸುಪಾಸು, ಓಡುವಾಗ 3ರಿಂದ 4 ಕೆಜಿ ಇದ್ದರೆ ಇಂಥ ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಚಿಂತೆಯಿಲ್ಲ. ಕೊನೆಯ ಮಾತು ಆ ಎಂಜಿನ್ನಿನ ಪುಸ್ತಕದ್ದೇ. ತಣ್ಣಗಿರುವಾಗ ಹೆಚ್ಚು ತೋರಿಸುವುದು ಸಹಜ. ಬಿಸಿಯಾದ ಮೇಲೂ ಪ್ರೆಷರ್ ಮೇಲೆಯೇ ನಿಂತರೆ, ಹೆಚ್ಚಾದ ಪ್ರೆಷರನ್ನು ಬಿಟ್ಟುಕೊಡುವ ರಿಲೀಫ್ ವಾಲ್ವ್ ಮುಚ್ಚಿದಂತೆಯೇ ಸಿಕ್ಕಿಕೊಂಡಿದೆಯೇ ನೋಡಬೇಕು. ಅದೇ ವಾಲ್ವಿಗೆ ಕಸ ಸಿಕ್ಕು ತೆರೆದೇ ಉಳಿದರೆ ಪ್ರೆಷರ್ ಬೀಳುತ್ತದೆ. ಕ್ರ್ಯಾಂಕ್ ಬೇರಿಂಗ್ ಸವೆದಿದೆ ಎಂದು ಎಂಜಿನ್ ಇಳಿಸುವ ಮೊದಲು ಆ ಸಣ್ಣ ವಾಲ್ವ್ ಬಿಚ್ಚಿ ನೋಡುವುದು ಮಾಲೀಕನ ದುಡ್ಡು ಉಳಿಸುತ್ತದೆ. ಕಾಕಾನ ಎಂಜಿನ್ ಪ್ರೆಷರ್ ಪರೀಕ್ಷೆಯಲ್ಲೂ ಪಾಸಾಯಿತು. ಆದರೂ ಅಷ್ಟು ಕಾದ ಆಯಿಲನ್ನು ಫಿಲ್ಟರ್ ಸಮೇತ ಬದಲಿಸಿಯೇ ಬಿಟ್ಟೆ.

ವೈರಿಂಗ್ ದೋಷದ ಕಥೆಗಳು ಬೇರೆ ಥರ. ಎಂಜಿನ್ ಬಂದ್ ಇರುವಾಗ ಚಾವಿ ತಿರುಗಿಸಿ ನೋಡಿ: ಪ್ರೆಷರ್ ಮುಳ್ಳು ಸೊನ್ನೆಯಲ್ಲಿ ಕೂರಬೇಕು. ನಿಂತ ಎಂಜಿನ್ನಿಗೆ ಪೂರ್ತಿ ಪ್ರೆಷರ್ ತೋರಿಸಿದರೆ ಅದು ಪಂಪಿನ ಮಾತಲ್ಲ. ಸೆನ್ಸರುಗಳಲ್ಲಿ ಎರಡು ಜಾತಿ ಹೆಚ್ಚು ಬಳಕೆಯಲ್ಲಿವೆ. ಒಂದು ಸೊನ್ನೆ ಪ್ರೆಷರಿಗೆ 10 ಓಮ್ (ಕರೆಂಟಿಗೆ ಇರುವ ತಡೆಯ ಅಳತೆ) ಕೊಟ್ಟು ಪ್ರೆಷರ್ ಏರಿದಂತೆ 180ರವರೆಗೆ ಏರುತ್ತದೆ. ಇನ್ನೊಂದು ಸೊನ್ನೆಗೆ 240 ಕೊಟ್ಟು 33ರ ತನಕ ಇಳಿಯುತ್ತದೆ. ತೂತಿಗೆ ಹೊಂದಿತೆಂದು ಅಂಗಡಿಯಿಂದ ಒಂದರ ಬದಲು ಇನ್ನೊಂದು ತಂದು ಕೂರಿಸಿದರೆ ಮುಳ್ಳು ತಿರುಗುಮುರುಗು ಓಡುತ್ತದೆ. ಮತ್ತೊಂದು, ಒಂದೇ ವೈರಿನ ಸೆನ್ಸರಿಗೆ ಅರ್ಥಿಂಗ್ ಸಿಗುವುದು ಅದರ ಮೈಯಿಂದಲೇ. ನಳದ ಕೆಲಸದಂತೆ ಥ್ರೆಡ್‌ಗೆ ಬಿಳಿ ಟೇಪ್ ದಪ್ಪಗೆ ಸುತ್ತಿದರೆ ಆ ದಾರಿ ಕಟ್ಟಿಹೋಗುತ್ತದೆ.

ಟೆಂಪರೇಚರ್ ಸೆನ್ಸರಿನ ಮೇಲೆ ಅನುಮಾನ ಬಂದರೆ ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಇಳಿಬಿಟ್ಟು ಓಮ್ ನೋಡುತ್ತೇನೆ. ಬಿಸಿ ಏರಿದಂತೆ ಓಮ್ ಒಂದೇ ಸಮನೆ ಇಳಿಯಬೇಕು, ಎಲ್ಲೂ ಜಿಗಿಯಬಾರದು. ನಮ್ಮ ಎತ್ತರದಲ್ಲಿ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ ಎಂಬುದು ನೆನಪಿರಲಿ. ಎಂಜಿನ್ ಮೇಲೆ ನೇರ ಅಳೆಯಲು ಟೆಂಪರೇಚರ್ ಗನ್ ಒಳ್ಳೆಯದು, ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರು ಬಿಡುವ ವಾಲ್ವ್) ಮನೆಯ ಮೇಲೆ ಕಪ್ಪು ಬಣ್ಣದ ಒಂದು ಬೊಟ್ಟು ಇಟ್ಟು ಅಲ್ಲಿಗೇ ಹಿಡಿಯುತ್ತೇನೆ.

ಕರಾವಳಿಯಿಂದ ಸೆಕೆಂಡ್‌ಹ್ಯಾಂಡ್ ಎಂಜಿನ್ ತಂದವರಿಗೆ ಒಂದು ಮಾತು. ಸಮುದ್ರದ ನೀರನ್ನೇ ಒಳಗೆ ಸುತ್ತಿಸುವ ಎಂಜಿನ್ನಿಗೆ ಉಪ್ಪು ಕಟ್ಟದಿರಲೆಂದು 60 ಡಿಗ್ರಿಯ ಸುಮಾರಿನ ಥರ್ಮೋಸ್ಟಾಟ್ ಹಾಕಿರುತ್ತಾರೆ. ಕೂಲಂಟ್ ಇರುವ ಎಂಜಿನ್ನು 80ರ ಮೇಲೆ ನಡೆಯುವುದೇ ಸರಿ. ಪಕ್ಕದ ಬೋಟಿನ ಮುಳ್ಳಿಗೆ ಹೋಲಿಸಿ ಗಾಬರಿಯಾಗಬೇಡಿ. ನಿಮ್ಮ ಎಂಜಿನ್ ಚೆನ್ನಾಗಿರುವಾಗ ತಣ್ಣಗೆ, ಬಿಸಿಯಾಗಿ, ಐಡ್ಲಿಂಗ್‌ನಲ್ಲಿ, ತುಂಬಿದ ಲೋಡಿನಲ್ಲಿ ಎರಡೂ ಮುಳ್ಳು ಎಲ್ಲಿರುತ್ತವೆ ಎಂದು ಡ್ಯಾಶಿನ ಪಕ್ಕದಲ್ಲೇ ಪೇಂಟಿನಲ್ಲಿ ಬರೆದಿಡಿ. ನಾನು ರಿಪೇರಿ ಮಾಡಿದ ಬೋಟುಗಳಲ್ಲಿ ಇದನ್ನು ನಾನೇ ಬರೆದು ಕೊಡುತ್ತೇನೆ. ಮುಂದೆ ಫೋನ್ ಬಂದಾಗ ಅರ್ಧ ಪರೀಕ್ಷೆ ಫೋನಿನಲ್ಲೇ ಆಗುತ್ತದೆ.