ಕೀಮೋ ಮತ್ತು ಕೂದಲು: ಮೊದಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸ

ಮೊದಲ ಕೀಮೋ ಮುಗಿಸಿ ಬಂದ ದಿನವೇ ಕೂದಲು ಉದುರುವುದಿಲ್ಲ. ಸುಮಾರು ಎರಡು ವಾರ ಏನೂ ಆಗುವುದಿಲ್ಲ. ನನಗೆ ಹೋಗಲಿಕ್ಕಿಲ್ಲವೇನೋ ಎಂಬ ಆಸೆ ಹುಟ್ಟುವುದು ಆಗಲೇ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಬಚ್ಚಲಿನ ತೂತಿನಲ್ಲಿ ಎಲ್ಲಾ ಕೂದಲೇ. ಆ ಎರಡು ವಾರ ಸುಮ್ನೆ ಕೂರಬೇಡಿ. ಸ್ತನ ಕ್ಯಾನ್ಸರಿಗೆ ನನಗೂ ಕೀಮೋ ಆಗಿದೆ. ಆಮೇಲೆ ಕುಟುಂಬದಲ್ಲಿ ಬೇರೆಯವರಿಗೆ ಆದಾಗ ಜೊತೆಗೆ ನಿಂತಿದ್ದೇನೆ. ಹಾಗಾಗಿ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಎಲ್ಲಾ ಮದ್ದಿಗೂ ಕೂದಲು ಹೋಗುವುದಿಲ್ಲ. ಡ್ರಿಪ್ಪಿನಲ್ಲಿ ಕೆಂಪಗೆ ಇಳಿಯುತ್ತದಲ್ಲ, ಡಾಕ್ಸೊರುಬಿಸಿನ್, ಅದಕ್ಕೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ಲಿಗೂ ಸಾಮಾನ್ಯವಾಗಿ ಹಾಗೆಯೇ. ಟಮಾಕ್ಸಿಫೆನ್ ಕೀಮೋ ಅಲ್ಲ, ಹಾರ್ಮೋನು ತಡೆಯುವ ಮಾತ್ರೆ; ಅದಕ್ಕಾದರೆ ತೆಳುವಾಗಬಹುದು, ಬೋಳಾಗುವುದಿಲ್ಲ. ನಿಮ್ಮದು ಯಾವುದು ಅಂತ ಡಾಕ್ಟರರ ಹತ್ತಿರ ಮೊದಲೇ ಕೇಳಿಕೊಳ್ಳಿ. ಬೇಗ ಬೇಗ ಬೆಳೆಯುವ ಜೀವಕೋಶಗಳಿಗೆ ಕೀಮೋ ಮದ್ದಿನ ಪೆಟ್ಟು ಬೀಳುತ್ತದೆ. ಕೂದಲಿನ ಬುಡದಲ್ಲಿರುವುದೂ ಅಂಥವೇ.

ಇಷ್ಟು ತಿಳಿದರೆ ಎಣ್ಣೆಯ ಮಾತು ತಾನಾಗಿ ಮುಗಿಯುತ್ತದೆ. ನಮ್ಮ ಕಡೆ ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಕಾಯಿಸಿದ ಎಣ್ಣೆ ಇದೆ. ಗರುಗ, ನೆಲ್ಲಿಕಾಯಿ, ಕರಿಬೇವು ಹಾಕಿದ್ದು. ಒಳ್ಳೆಯದೇ, ಆದರೆ ಒಳಗಿನ ಮದ್ದಿಗೆ ಹೊರಗಿನ ಎಣ್ಣೆ ತಡೆ ಹಾಕಲಾರದು. ತಲೆ ಒಣಗಿ ತುರಿಸಿದರೆ ಬರೀ ತೆಂಗಿನೆಣ್ಣೆ ನಾಲ್ಕು ಹನಿ ಸವರಿ, ತಿಕ್ಕಬೇಡಿ. ಕಷಾಯ, ಲೇಹ್ಯ, ಕೂದಲಿನ ಮಾತ್ರೆ ಅಂತ ಯಾರು ಕೊಟ್ಟರೂ ಡಾಕ್ಟರರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಬಯೋಟಿನ್ ಮಾತ್ರೆ ಕೆಲವು ರಕ್ತಪರೀಕ್ಷೆಗಳ ಲೆಕ್ಕವನ್ನೇ ತಪ್ಪಿಸುತ್ತದೆ. ಕೀಮೋ ಹೊತ್ತಿಗೆ ತಲೆಗೆ ತಂಪು ಟೋಪಿ ಹಾಕುವ ಮೆಷಿನ್ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತದೆ. ಅದನ್ನು ಮೊದಲ ಡೋಸಿನಿಂದಲೇ ಶುರು ಮಾಡಬೇಕು. ಖರ್ಚು ಇದೆ, ಎಲ್ಲರಿಗೂ ಫಲ ಕೊಡುವುದೂ ಇಲ್ಲ. ಮನೆಯಲ್ಲಿ ಐಸ್ ಕಟ್ಟಿಕೊಂಡು ಕೂತರೆ ಏನೂ ಸಿಗುವುದಿಲ್ಲ.

ಉದ್ದ ಜಡೆ ಇದ್ದವರು ಮೊದಲ ವಾರದಲ್ಲೇ ಕುತ್ತಿಗೆವರೆಗೆ ಕತ್ತರಿಸಿಬಿಡಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಉದುರಿದ ಕೂದಲು ಇರುವ ಕೂದಲಿಗೆ ಸುತ್ತಿಕೊಂಡು ಗಂಟಾದರೆ ಬಿಡಿಸಲು ಆಗುವುದಿಲ್ಲ. ಉದುರುವ ಸಮಯದಲ್ಲಿ ತಲೆಯ ಚರ್ಮ ಮುಟ್ಟಿದರೂ ನೋಯುತ್ತದೆ. ಉದುರಲು ಶುರುವಾದ ಮೇಲೆ ಟ್ರಿಮ್ಮರಿನಲ್ಲಿ ಪೂರ್ತಿ ಸಣ್ಣ ಮಾಡಿಸಿ. ಕತ್ತಿ, ಬ್ಲೇಡು ಬೇಡವೇ ಬೇಡ. ಕೀಮೋ ಆಗಿ ಒಂದೆರಡು ವಾರದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಒಂದು ಸಣ್ಣ ಗಾಯವೂ ಸೋಂಕಾಗಬಹುದು. ತಲೆಯಲ್ಲಿ ಕೀವಿನ ಗುಳ್ಳೆ ಕಂಡರೆ ಆಸ್ಪತ್ರೆಗೆ ತಿಳಿಸಿ. ಮೈ 100.4 ಡಿಗ್ರಿಗೆ ಏರಿದರೆ ರಾತ್ರಿಯಾದರೂ ಫೋನು ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕೆಲವು ಮನೆಗಳಲ್ಲಿ ಹಿಂದೆ ಗಂಡ ತೀರಿದ ಹೆಂಗಸಿನ ತಲೆ ಬೋಳಿಸುತ್ತಿದ್ದರು. ಅದನ್ನು ಕಣ್ಣಾರೆ ನೋಡಿದ ಅಜ್ಜಿಯಂದಿರು ಇನ್ನೂ ಇದ್ದಾರೆ. ಮುತ್ತೈದೆ ತಲೆ ಬೋಳಿಸುವುದೇ ಎಂದು ಅವರು ಅತ್ತರೆ ಸಿಟ್ಟು ಮಾಡಬೇಡಿ. ಅವರಿಗೆ ಕಾಣುವುದು ಆ ಹಳೆಯ ಸಂಕಟ. ಆದರೆ ಅವರ ಮಾತಿಗೆ ಕಟ್ಟುಬಿದ್ದು ಕೂದಲನ್ನು ಹಾಗೇ ಬಿಡಲೂ ಬೇಡಿ. ಕತ್ತರಿಸುವ ನಾಲ್ಕು ದಿನ ಮೊದಲೇ ಗಂಡನೋ ಮಗನೋ ಅಜ್ಜಿಯ ಹತ್ತಿರ ಕೂತು ವಿಷಯ ಹೇಳಲಿ. ಮಕ್ಕಳಿಗೂ ಮೊದಲೇ ಹೇಳಿಡಿ, ಒಮ್ಮೆಲೇ ನೋಡಿದರೆ ಹೆದರುತ್ತವೆ. ಹೆಂಡತಿ ಜೊತೆಗೆ ತಾನೂ ತಲೆ ಬೋಳಿಸುವ ಗಂಡಂದಿರು ಈಗ ಇದ್ದಾರೆ. ಚಂದವೇ. ಆದರೆ ಅದರ ಬದಲು ಪಾತ್ರೆ ತೊಳೆದುಕೊಟ್ಟರೆ ನನಗೆ ಜಾಸ್ತಿ ಖುಷಿ.

ತಲೆಗೆ ಕಟ್ಟಲು ಅಂಗಡಿಯ ಸ್ಕಾರ್ಫ್ ಹುಡುಕಿ ಹೋಗಬೇಕಾಗಿಲ್ಲ. ಪೆಟ್ಟಿಗೆಯಲ್ಲಿ ಹಳೆಯ ಕಾಸರಗೋಡು ಸೀರೆ ಇದ್ದರೆ ತೆಗೆಯಿರಿ. ನಮ್ಮ ಕೈಮಗ್ಗದ ಹತ್ತಿ ಸೀರೆ ಒಗೆದಷ್ಟೂ ಮೆತ್ತಗಾಗುತ್ತದೆ. ಒಂದು ಮೀಟರ್ ಚೌಕ ಕತ್ತರಿಸಿ, ಅಂಚು ಮಡಚಿ ಹೊಲಿದು, ಮೂಲೆಗೆ ಮೂಲೆ ಸೇರಿಸಿ ಕಟ್ಟಿ. ಗಂಜಿ ಹಾಕಿದ್ದಾದರೆ ಗಂಜಿ ಪೂರ್ತಿ ಹೋಗುವವರೆಗೆ ಒಗೆಯಿರಿ, ಇಲ್ಲದಿದ್ದರೆ ಚುಚ್ಚುತ್ತದೆ. ಹೊಲಿಗೆ ಒಳಗೆ ಬರದ ಹಾಗೆ ನೋಡಿಕೊಳ್ಳಿ. ಪಾಲಿಯೆಸ್ಟರ್ ಜಾರುತ್ತದೆ, ಬೆವರೂ ಹೀರುವುದಿಲ್ಲ. ನಾಲ್ಕೈದು ಇರಲಿ. ನಮ್ಮ ಮಳೆಗಾಲದಲ್ಲಿ ಒಗೆದದ್ದು ಯಾವಾಗ ಒಣಗುತ್ತದೆ ಅಂತ ನಿಮಗೇ ಗೊತ್ತು. ರಾತ್ರಿಗೆ ಹಳೆಯ ಬನಿಯನ್ ಬಟ್ಟೆಯ ಟೋಪಿ ಸಾಕು, ಉದುರಿದ್ದೆಲ್ಲ ಅದರಲ್ಲೇ ಉಳಿಯುತ್ತದೆ. ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗುವಾಗ ಬಸ್ಸಿನ ಕಿಟಕಿ ಗಾಳಿಗೆ ಬಟ್ಟೆ ಹಾರದಂತೆ ಹಿಂದೆ ಗಂಟು ಹಾಕಿ. ರೆಪ್ಪೆಯೂ ಉದುರಬಹುದು, ಆಗ ರಸ್ತೆಯ ಧೂಳು ನೇರ ಕಣ್ಣಿಗೆ ಬೀಳುತ್ತದೆ. ಒಂದು ಸಾದಾ ಕನ್ನಡಕ ಹಾಕಿ. ಮೂಗಿನ ಕೂದಲು ಹೋದರೆ ನೆಗಡಿಯಿಲ್ಲದೆಯೂ ಮೂಗು ಸೋರುತ್ತದೆ. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಸೊಂಟದಲ್ಲಿ ಒಂದು ಕರವಸ್ತ್ರ ಇರಲಿ.

ವಿಗ್ ಬೇಕಾದರೆ ಕೂದಲು ಇರುವಾಗಲೇ ನೋಡಿ, ಬಣ್ಣ ಹೊಂದಿಸಲು ಸುಲಭ. ನನಗಂತೂ ಏಪ್ರಿಲ್ ಸೆಕೆಗೆ ಅದು ಆಗಲಿಲ್ಲ. ಮದುವೆ, ಜೆಂಬ್ರಕ್ಕೆ ಸರಿ. ಸಿಂಥೆಟಿಕ್ ವಿಗ್ ಹಾಕಿಕೊಂಡು ಒಲೆಯ ಮುಂದೆ ಬಗ್ಗಬೇಡಿ, ಕುಕ್ಕರ್ ಮುಚ್ಚಳವನ್ನೂ ತೆಗೆಯಬೇಡಿ. ಬಿಸಿ ತಾಗಿದರೆ ಮುರುಟಿಹೋಗುತ್ತದೆ. ಮುಡಿಯಲಿಲ್ಲವಲ್ಲ ಅಂತ ಮಲ್ಲಿಗೆಗೆ ಮನಸ್ಸು ಎಳೆದರೆ ಬಟ್ಟೆಗೆ ಪಿನ್ ಹಾಕಿ ಮುಡಿಯಬಹುದು. ಆದರೆ ರಕ್ತಕಣ ಇಳಿದಿರುವಾಗ ಹಸಿ ಹೂವು ಬೇಡ ಅಂತ ಕೆಲವು ಆಸ್ಪತ್ರೆಗಳಲ್ಲಿ ಹೇಳುತ್ತಾರೆ, ಕೇಳಿಕೊಳ್ಳಿ.

ಕೊನೆಯ ಕೀಮೋ ಆಗಿ ಒಂದೆರಡು ತಿಂಗಳಿಗೆ ಮಗುವಿನ ತಲೆಯ ಹಾಗೆ ನಯವಾದ ಕೂದಲು ಹುಟ್ಟುತ್ತದೆ. ಮೊದಲು ನೇರ ಇದ್ದದ್ದು ಗುಂಗುರಾಗಿ, ಬೆಳ್ಳಗೆ ಬರಬಹುದು. ಬೋಳಿಸಿದರೆ ದಪ್ಪ ಬರುತ್ತದೆ ಎಂಬ ಮಾತು ನಂಬಬೇಡಿ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್, ಅಷ್ಟೇ. ಶ್ಯಾಂಪೂ ಮಗುವಿನದ್ದು ಸಾಕು. ದಾಸವಾಳ ಸೊಪ್ಪಿನ ಗೊಂಪು, ಅಂದರೆ ಸೊಪ್ಪು ಕಿವುಚಿದ ಲೋಳೆ, ಹಾಕುವ ಆಸೆಯಿದ್ದರೆ ಚರ್ಮದ ನೋವು, ಗುಳ್ಳೆ ಎಲ್ಲ ಪೂರ್ತಿ ಹೋದ ಮೇಲೆ ಹಾಕಿ. ಸೀಗೆಪುಡಿ ತರಿತರಿ, ಆ ಚರ್ಮಕ್ಕೆ ಬೇಡ. ಬೆಳ್ಳಗಾಯಿತೆಂದು ಕಪ್ಪು ಮೆಹಂದಿಯ ಪ್ಯಾಕೆಟ್ ತರುವವರಿದ್ದಾರೆ. ಅದರಲ್ಲಿ ಹೇರ್ ಡೈಯ ರಾಸಾಯನಿಕವೇ ಇರುವುದು ಜಾಸ್ತಿ. ಡಾಕ್ಟರರು ಆಗಬಹುದು ಎನ್ನುವವರೆಗೆ ಬಿಳಿ ಕೂದಲಲ್ಲೇ ಓಡಾಡಿ.