ಲೋಳೆಸರ: ಹಳದಿ ರಸ ಇಳಿಯುವ ತನಕ ಮುಖಕ್ಕೆ ತಾಗಿಸಬೇಡಿ

ಕಳೆದ ಮಾಘದಲ್ಲಿ ನಮ್ಮ ನೆಂಟರ ಮನೆಯಲ್ಲೊಂದು ಮದುವೆ. ಅರಿಶಿನ ಶಾಸ್ತ್ರಕ್ಕೆ ಎರಡು ದಿನ ಇರುವಾಗ ಮದುಮಗಳು ಮಹಡಿಯ ಕುಂಡದಿಂದ ಲೋಳೆಸರದ ಎಲೆಯೊಂದನ್ನು ಮುರಿದು, ನಿಂತಲ್ಲೇ ಸೀಳಿ, ಒಳಮೈಗೆ ಸಕ್ಕರೆ ಉದುರಿಸಿ ಎರಡೂ ಕೆನ್ನೆಗೆ ಗಸಗಸನೆ ಉಜ್ಜಿಕೊಂಡಳು. ಮೊಬೈಲಿನಲ್ಲಿ ಯಾರೋ ಹಾಗೆ ಮಾಡಿ ತೋರಿಸಿದ್ದರಂತೆ. ಸಂಜೆಯ ಹೊತ್ತಿಗೆ ಕೆನ್ನೆಗಳು ಕೆಂಪೇರಿ ಸಣ್ಣ ಸಣ್ಣ ದದ್ದು ಎದ್ದಿದ್ದವು. ಮನೆಯವರೆಲ್ಲ ಸೇರಿ ಗಿಡಕ್ಕೆ ಬೈದರು. ಗಿಡದ ತಪ್ಪೇನೂ ಇರಲಿಲ್ಲ.

ಲೋಳೆಸರದ ಎಲೆಯೊಳಗೆ ಇರುವುದು ಒಂದು ರಸವಲ್ಲ, ಎರಡು. ನಡುವಿನ ತಿಳಿಯಾದ ತಿರುಳು ನಮಗೆ ಬೇಕಾದದ್ದು. ಅದರಲ್ಲಿ ನೂರಕ್ಕೆ ತೊಂಬತ್ತೆಂಟು, ತೊಂಬತ್ತೊಂಬತ್ತು ಪಾಲು ನೀರೇ. ಉಳಿದ ಚೂರುಪಾರಿನಲ್ಲಿ ನೀರನ್ನು ಹಿಡಿದಿಡುವ ಲೋಳೆಯ ಅಂಶವಿದೆ. ಹಸಿರು ಸಿಪ್ಪೆಗೂ ಈ ತಿರುಳಿಗೂ ನಡುವೆ ತೆಳ್ಳಗೆ ಹರಿಯುವ ಹಳದಿ ರಸ ಮಾತ್ರ ಬೇರೆಯೇ ಜಾತಿ. ಕಡುಕಹಿ, ಕಟುವಾಸನೆ, ಚರ್ಮಕ್ಕೆ ತುರಿಕೆ. ಇದನ್ನೇ ಒಣಗಿಸಿದರೆ ಗಂಧಿಗೆ ಅಂಗಡಿಯ ಕರಿಬೋಳ. ಹೊಟ್ಟೆಗೆ ಹೋದರೆ ಬಲವಾದ ಭೇದಿಯಾಗುತ್ತದೆ. ಇದರಲ್ಲಿರುವ ಅಲೋಯಿನ್ ಎಂಬ ವಸ್ತುವೇ ಅದಕ್ಕೆ ಕಾರಣ. ಈ ರಸ ಸೇರಿದ ಭೇದಿ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದಕ್ಕೆ ಅಮೆರಿಕದ ಔಷಧ ನಿಯಂತ್ರಕರು 2002ರಲ್ಲಿ ತಡೆಯೊಡ್ಡಿದರು. ಇಂಥದ್ದನ್ನು ಸಕ್ಕರೆಯ ಹರಳಿನಿಂದ ಕೆರೆದ ಕೆನ್ನೆಗೆ ತಿಕ್ಕಿದರೆ ಇನ್ನೇನಾದೀತು? ಸುಲಭದ ಹಂತಗಳನ್ನು ಬೇಗ ಮುಗಿಸುತ್ತೇನೆ. ಹಳದಿ ರಸದ ಬಳಿ ಮಾತ್ರ ನಿಧಾನವಾಗಿ ನಿಲ್ಲೋಣ.

ಮೊದಲು, ಗಿಡ ಅದೇ ಹೌದೇ?

ನಗಬೇಡಿ. ಹೊಲದ ಬೇಲಿಯ, ರೈಲು ಹಳಿಯ ಪಕ್ಕದ ಕತ್ತಾಳೆಯನ್ನು ಲೋಳೆಸರವೆಂದು ಕೊಯ್ದು ತಂದವರನ್ನು ನಾನೇ ಕಂಡಿದ್ದೇನೆ. ಕೆಲವು ಕಡೆ ಎರಡಕ್ಕೂ ಕತ್ತಾಳೆ ಎಂದೇ ಕರೆಯುವುದರಿಂದ ಗೊಂದಲ ಇನ್ನೂ ಹೆಚ್ಚು. ಹಗ್ಗಕ್ಕೆ ನಾರು ಕೊಡುವ ಕತ್ತಾಳೆಯ ರಸದಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ಅದು ತಾಗಿದರೆ ಉರಿ, ತುರಿಕೆ, ಗುಳ್ಳೆ. ಗುರುತು ಸುಲಭ: ಕತ್ತಾಳೆಯ ಎಲೆಯನ್ನು ಮುರಿಯಲು ಹೋದರೆ ನಾರು ಜಗ್ಗುತ್ತದೆ, ತುದಿಯಲ್ಲಿ ಗಟ್ಟಿ ಮುಳ್ಳು ಇರುತ್ತದೆ. ಲೋಳೆಸರದ ಎಲೆ ಸೌತೆಕಾಯಿಯಂತೆ ಪಟಕ್ಕನೆ ಮುರಿಯುತ್ತದೆ, ಅಂಚಿನ ಮುಳ್ಳು ಮೆತ್ತಗಿರುತ್ತದೆ.

ಅಂಗಡಿ ಬಾಗಿಲಿಗೆ ದೃಷ್ಟಿಯಾಗದಿರಲೆಂದು ತಲೆಕೆಳಗಾಗಿ ಕಟ್ಟಿದ ಗಿಡ ಲೋಳೆಸರವೇ ಇರಬಹುದು, ಆದರೆ ಅದು ಬೇಡ. ತಿಂಗಳುಗಟ್ಟಲೆ ನೀರಿಲ್ಲದೆ ಬದುಕುತ್ತದೆ ನಿಜ; ಹಗಲು ಎಲೆಯ ರಂಧ್ರಗಳನ್ನು ಮುಚ್ಚಿ ರಾತ್ರಿ ತೆರೆಯುವ ಜಾಣತನ ಅದಕ್ಕಿದೆ. ಆದರೆ ಬದುಕುವುದು ತನ್ನದೇ ಎಲೆಯ ನೀರನ್ನು ಕುಡಿದು. ಸುಲಿದರೆ ನಿಮಗೆ ಸಿಗುವುದು ಸಿಪ್ಪೆ ಮತ್ತು ರಸ್ತೆಯ ಧೂಳು.

ಕೊಯ್ಯುವುದು

ಎರಡು ಮೂರು ವರ್ಷ ಬೆಳೆದ ಗಿಡದ ಹೊರಸುತ್ತಿನ, ಕೆಳಗಿನ, ದಪ್ಪ ಎಲೆಯನ್ನು ಬುಡಕ್ಕೆ ಚಾಕು ಹಾಕಿ ಕೊಯ್ಯಿರಿ. ಒಂದು ಬಾರಿಗೆ ಒಂದೇ ಎಲೆ ಸಾಕು. ಒಂದಡಿ ಉದ್ದದ ಎಲೆ ಇಡೀ ಮನೆಯ ಮುಖಗಳಿಗೆ ಆಗುತ್ತದೆ.

ಹಳದಿ ರಸ ಇಳಿಸುವುದು

ಎಲ್ಲರೂ ಕೆಡಿಸುವ ಜಾಗ ಇದು. ಕೊಯ್ದ ಕೂಡಲೇ ತುಂಡಾದ ಬಾಯಿಯಲ್ಲಿ ಅರಿಶಿನದ ನೀರಿನಂಥ ಹನಿ ಕಾಣಿಸುತ್ತದೆ. ಎಲೆಯನ್ನು ಹಾಗೇ ತಟ್ಟೆಯಲ್ಲಿ ಮಲಗಿಸಿದರೆ ಆ ರಸ ಎಲೆಯೊಳಗೇ ಉಳಿಯುತ್ತದೆ. ಆದ್ದರಿಂದ ಕೊಯ್ದ ಬಾಯಿ ಕೆಳಗಾಗುವಂತೆ ಎಲೆಯನ್ನು ಲೋಟದಲ್ಲಿ ಓರೆಯಾಗಿ ನಿಲ್ಲಿಸಿ. ಗಾಜಿನದೋ ಸ್ಟೀಲಿನದೋ ಲೋಟವಿರಲಿ. ಪ್ಲಾಸ್ಟಿಕ್‌ಗೆ ಹತ್ತಿದ ಕಲೆ ಸುಲಭವಾಗಿ ಹೋಗುವುದಿಲ್ಲ. ನಿಮ್ಮ ಒಳ್ಳೆಯ ಸೀರೆಗೂ ಇದೇ ಎಚ್ಚರಿಕೆ: ಈ ರಸ ಬಟ್ಟೆಗೆ ತಾಗಿದಾಗ ಹಳದಿ, ಒಣಗಿದಾಗ ಕಂದು.

ಹತ್ತು ನಿಮಿಷ ನಿಲ್ಲಿಸಿದರೆ ಸಾಕು ಎಂದು ಹೇಳುವವರನ್ನು ನಂಬಬೇಡಿ. ಕನಿಷ್ಠ ಅರ್ಧ ಗಂಟೆ, ಎಲೆ ದಪ್ಪಗಿದ್ದರೆ ಒಂದು ಗಂಟೆ. ಇನ್ನೊಂದು ಗುಟ್ಟು ಇದೆ. ಸುಮಾರು ಕಾಲು ಗಂಟೆಯಾಗುವಾಗ ರಸ ಒಣಗಿ ಎಲೆಯ ಬಾಯಿ ಕಟ್ಟಿಕೊಳ್ಳುತ್ತದೆ. ಹನಿ ನಿಂತಿತು, ಕೆಲಸ ಮುಗಿಯಿತು ಎಂದು ಎಲ್ಲರೂ ಮೋಸಹೋಗುವುದು ಆಗಲೇ. ಬುಡದಿಂದ ಬೆರಳಗಲದ ಹೋಳೊಂದನ್ನು ಮತ್ತೆ ಕತ್ತರಿಸಿ ನಿಲ್ಲಿಸಿ ನೋಡಿ, ಮತ್ತೆ ಇಳಿಯತೊಡಗುತ್ತದೆ. ನಾನು ಎರಡು ಬಾರಿ ಹೀಗೆ ಕತ್ತರಿಸುತ್ತೇನೆ. ಕೊನೆಗೆ ಎಲೆಯ ಬುಡವನ್ನು ಒಂದು ಬಟ್ಟಲು ನೀರಿನಲ್ಲಿ ಹತ್ತು ನಿಮಿಷ ಅದ್ದಿಡಿ. ನೀರು ಹಳದಿಯಾದರೆ ಚೆಲ್ಲಿ, ಹೊಸ ನೀರು ಹಾಕಿ. ನೀರು ತಿಳಿಯಾಗಿ ಉಳಿದ ಮೇಲೆಯೇ ಚಾಕು ಹಿಡಿಯಿರಿ.

ಅವಸರವಿದ್ದವರು ಎಲೆಯನ್ನು ಹಿಂಡಿ ರಸ ತೆಗೆಯಲು ಹೋಗುತ್ತಾರೆ. ಹಿಂಡಿದರೆ ಹಳದಿ ರಸ ಹೊರಗೆ ಬರುವುದಕ್ಕಿಂತ ಹೆಚ್ಚಾಗಿ ತಿರುಳಿಗೆ ಇಂಗುತ್ತದೆ. ಅಷ್ಟು ಅವಸರವಿದ್ದರೆ ಆ ದಿನ ಸುಮ್ಮನೆ ತಣ್ಣೀರಿನಿಂದ ಮುಖ ತೊಳೆದುಕೊಳ್ಳುವುದು ಮೇಲು.

ಸುಲಿಯುವುದು

ಈಳಿಗೆಮಣೆ ಬೇಡ. ಲೋಳೆಯಾದ ಕೈಯಿಂದ ಎಲೆ ಜಾರುತ್ತದೆ, ಎಲೆಯ ಹಿಂದೆ ಬೆರಳು ಹೋಗುತ್ತದೆ. ತೆಳ್ಳನೆಯ, ಹರಿತವಾದ ಸ್ಟೀಲ್ ಚಾಕು ಇರಲಿ.

ಎಲೆಯ ಹೊರಮೈಯನ್ನು ಚೆನ್ನಾಗಿ ತೊಳೆಯಿರಿ. ಬುಡದ ಬಿಳಿಚಿಕೊಂಡ ಭಾಗವನ್ನೂ ತುದಿಯ ಮೂರು ಬೆರಳಷ್ಟನ್ನೂ ಕತ್ತರಿಸಿ ಎಸೆಯಿರಿ; ಅಲ್ಲಿ ತಿರುಳು ಕಡಿಮೆ, ಕಹಿ ಹೆಚ್ಚು. ಉಳಿದದ್ದನ್ನು ಗೇಣಿಗಿಂತ ಚಿಕ್ಕ ತುಂಡುಗಳಾಗಿ ಮಾಡಿಕೊಳ್ಳಿ. ಇಡೀ ಎಲೆಯನ್ನು ಒಂದೇ ಎಳೆತಕ್ಕೆ ಸುಲಿಯುವುದು ನೋಡಲು ಚೆಂದ, ಮಾಡಲು ಕಷ್ಟ. ಎರಡು ಬದಿಯ ಮುಳ್ಳಂಚನ್ನು ಧಾರಾಳವಾಗಿ ತೆಗೆಯಿರಿ. ಚಪ್ಪಟೆ ಮೈ ಮೇಲಾಗಿ ಇರುವಂತೆ ತುಂಡನ್ನು ಮಲಗಿಸಿ, ಸಿಪ್ಪೆಯ ಕೆಳಗೆ ಚಾಕುವನ್ನು ನೆಲಕ್ಕೆ ಸಮಾನಾಂತರವಾಗಿ ಓಡಿಸಿ. ಮಗುಚಿ ಹಾಕಿ ಇನ್ನೊಂದು ಬದಿಗೂ ಹಾಗೆಯೇ ಮಾಡಿ.

ಇಲ್ಲಿ ನಮ್ಮ ಹೆಂಗಸರ, ಗಂಡಸರ, ಎಲ್ಲರ ಮಿತವ್ಯಯದ ಬುದ್ಧಿ ಅಡ್ಡಬರುತ್ತದೆ. ತೆಂಗಿನಕಾಯಿ ತುರಿದ ಹಾಗೆ ಸಿಪ್ಪೆಗೆ ಅಂಟಿದ ಲೋಳೆಯನ್ನು ಚಮಚದಿಂದ ಕೆರೆಕೆರೆದು ತೆಗೆಯುತ್ತಾರೆ. ಹಳದಿ ರಸದ ನಾಳಗಳಿರುವುದು ಸರಿಯಾಗಿ ಅಲ್ಲಿಯೇ. ಒಂದು ಗಂಟೆ ಕಾದು ಇಳಿಸಿದ ವಿಷವನ್ನು ಒಂದು ನಿಮಿಷದಲ್ಲಿ ಬಟ್ಟಲಿಗೆ ವಾಪಸು ಸುರಿದ ಹಾಗಾಯಿತು. ಸಿಪ್ಪೆಯ ಮೇಲೆ ಅಕ್ಕಿಕಾಳಿನ ದಪ್ಪದಷ್ಟು ತಿರುಳು ಉಳಿಯಲಿ, ಬಿಡಿ. ಎಲೆಗೇನು ಬರವಿಲ್ಲ.

ಸುಲಿದ ತುಂಡುಗಳನ್ನು ಮತ್ತೊಮ್ಮೆ ನೀರಿನಲ್ಲಿ ತೊಳೆಯಬೇಕು. ಲೋಳೆ ಹೋಗಿಬಿಡುತ್ತದೆಂಬ ಭಯ ಬೇಡ. ಹೋಗುವುದು ಮೇಲಿನ ಹಸಿರು ಛಾಯೆಯ ಜಿಗುಟು ಮಾತ್ರ. ಕೊನೆಗೆ ಉಳಿಯುವ ತಿರುಳು ಎಳೆಯ ತಾಟಿನಿಂಗಿನಂತೆ ತಿಳಿಯಾಗಿ, ಬಣ್ಣವಿಲ್ಲದೆ ಇರಬೇಕು. ಅನುಮಾನವಿದ್ದರೆ ಚಿಕ್ಕ ಚೂರನ್ನು ನಾಲಿಗೆಯ ತುದಿಗೆ ತಾಗಿಸಿ ಉಗಿಯಿರಿ. ಸಪ್ಪೆಯಾಗಿದ್ದರೆ ಗೆದ್ದಿರಿ. ಕಹಿಯಾದರೆ ಮತ್ತೆ ತೊಳೆಯಿರಿ. ಮಗುವಿಗೆ ಮೊಲೆಹಾಲು ಬಿಡಿಸಲು ನಮ್ಮ ಅಜ್ಜಿ ಕರಿಬೋಳ ತೇಯ್ದು ಹಚ್ಚಿಸುತ್ತಿದ್ದರು. ಆ ಕಹಿ ಒಮ್ಮೆ ನಾಲಿಗೆಗೆ ತಾಗಿದರೆ ಮಗು ಮತ್ತೆ ಹತ್ತಿರ ಸುಳಿಯುತ್ತಿರಲಿಲ್ಲ. ಗುರುತು ಹಿಡಿಯಲು ನಿಮಗೂ ಕಷ್ಟವಾಗದು.

ತಿರುಳನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ. ನೊರೆ ಬರುತ್ತದೆ, ಕೂರಲು ಬಿಡಿ. ತೆಳುಬಟ್ಟೆಯಲ್ಲಿ ಸೋಸಿ. ಅಷ್ಟೇ.

ಮುಖಕ್ಕೆ ಮುನ್ನ ಮೊಣಕೈ

ಮೊಣಕೈಯ ಒಳಬದಿಗೆ ರಾತ್ರಿ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟಿದರೆ ಕೈ ತುರಿಸುವವರು ಇದನ್ನು ತಪ್ಪಿಸಲೇಬಾರದು. ಮನೆಯದೇ ಗಿಡ, ನೈಸರ್ಗಿಕ, ಏನೂ ಆಗದು ಎನ್ನುವವರಿಗೆ ಒಂದು ಮಾತು: ನಸುಗುನ್ನಿಯೂ ನೈಸರ್ಗಿಕವೇ.

ಹಚ್ಚುವುದು

ಬರಿಯ ಲೋಳೆಯನ್ನು ತೊಳೆದ, ಇನ್ನೂ ಕೊಂಚ ತೇವವಿರುವ ಮುಖಕ್ಕೆ ತೆಳ್ಳಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು ತಣ್ಣೀರಿನಿಂದ ತೊಳೆಯಿರಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಲೇಪವಿಲ್ಲ. ಬಿಸಿಲಲ್ಲಿ ಅಲೆದು ಬಂದ ದಿನ ಫ್ರಿಜ್ಜಿನಲ್ಲಿ ತಣ್ಣಗಾದ ಲೋಳೆ ಹಚ್ಚಿದರೆ ಮುಖದ ಕಾವು ಇಳಿಯುವುದು ತಿಳಿಯುತ್ತದೆ.

ಆದರೆ ಇದೊಂದೇ ಎಲ್ಲ ಊರಿನ ಚರ್ಮಕ್ಕೂ ಸಾಲದು. ಮಂಗಳೂರಿನ ಜಿಗುಟು ಸೆಖೆಯಲ್ಲಿ ಬರಿಯ ಲೋಳೆ ಸಾಕಾಗಬಹುದು. ವಿಜಯಪುರ, ಕಲಬುರಗಿಯ ಚಳಿಗಾಲದ ಒಣ ಗಾಳಿಯಲ್ಲಿ ಅದರ ನೀರು ಆರಿಹೋಗಿ ಮುಖ ಬಿಗಿದುಕೊಳ್ಳುತ್ತದೆ. ಅಂಥ ಕಡೆ ಲೋಳೆ ತೊಳೆದ ಮೇಲೆ, ಚರ್ಮ ಒದ್ದೆಯಾಗಿರುವಾಗಲೇ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ಮೊಡವೆ ಏಳುವ ಮುಖವಾದರೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟುತ್ತದೆ.

ಎಣ್ಣೆಯುಕ್ತ ಮುಖದವರು ಎರಡು ಚಮಚ ಲೋಳೆಗೆ ಒಂದು ಚಮಚ ಕಡಲೆಹಿಟ್ಟು ಕಲಸಿ ಹಚ್ಚಬಹುದು. ಪೂರ್ತಿ ಒಣಗಿ ಬಿರಿಯುವವರೆಗೆ ಕಾಯದೆ ತೊಳೆಯಿರಿ. ಒಣಗಿದ ಲೇಪವನ್ನು ಉಜ್ಜಿ ಕೀಳುವುದು ಗೋಡೆಯ ಸುಣ್ಣ ಕೀಳುವವರ ಕೆಲಸ.

ನಿಂಬೆರಸ ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ. ಪ್ರತಿ ಎರಡನೆಯ ವಿಡಿಯೊದಲ್ಲಿ ಅದನ್ನು ಹಿಂಡುತ್ತಾರೆ. ನಮ್ಮ ನಿಂಬೆಯ ರಸ ಹತ್ತಿದ ಚರ್ಮ ಬಿಸಿಲು ಕಂಡರೆ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ. ಬಿಳುಪಾಗಲು ಹಚ್ಚಿದ್ದು ತಿಂಗಳುಗಟ್ಟಲೆ ಕಪ್ಪಾಗಿ ಉಳಿದದ್ದನ್ನು ನೋಡಿದ್ದೇನೆ. ಅಡುಗೆ ಸೋಡವೂ ಬೇಡ. ಚರ್ಮದ ಸ್ವಭಾವ ಕೊಂಚ ಆಮ್ಲೀಯ, ಸೋಡ ಕ್ಷಾರ. ಲೋಳೆ ತಾನೇ ಕೊಂಚ ಆಮ್ಲೀಯವಾಗಿ ಚರ್ಮಕ್ಕೆ ಹೊಂದಿಕೊಂಡಿರುವಾಗ ಅದನ್ನು ಕೆಡಿಸುವುದೇಕೆ?

ಒಗ್ಗರಣೆಯ ಎಣ್ಣೆ ಸಿಡಿದರೆ ಲೋಳೆಸರಕ್ಕೆ ಓಡುವವರೂ ಇದ್ದಾರೆ. ಮೊದಲು ಇಪ್ಪತ್ತು ನಿಮಿಷ ನಲ್ಲಿಯ ಹರಿಯುವ ನೀರಿನ ಕೆಳಗೆ ಹಿಡಿಯಿರಿ. ಚರ್ಮ ಬರೀ ಕೆಂಪಾಗಿದ್ದರೆ ಆಮೇಲೆ ಲೋಳೆ ಹಚ್ಚಬಹುದು. ಗುಳ್ಳೆ ಎದ್ದಿದ್ದರೆ, ಚರ್ಮ ಸುಲಿದಿದ್ದರೆ ಗಿಡದ ಬಳಿ ಹೋಗದೆ ಆಸ್ಪತ್ರೆಗೆ ಹೋಗಿ.

ಎತ್ತಿಡುವುದು, ಮತ್ತು ಅಂಗಡಿಯ ಹಸಿರು ಡಬ್ಬಿ

ಮನೆಯ ಲೋಳೆ ಫ್ರಿಜ್ಜಿನಲ್ಲಿ ಮುಚ್ಚಿದ ಗಾಜಿನ ಶೀಶೆಯಲ್ಲಿ ನಾಲ್ಕೈದು ದಿನ ಇರುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಗುಲಾಬಿ ಛಾಯೆ ಬಂದರೆ ಗಾಳಿ ತಾಗಿದೆ, ಹುಳಿ ವಾಸನೆ ಬಂದರೆ ಕೆಟ್ಟಿದೆ. ಎರಡನ್ನೂ ಚೆಲ್ಲಿ. ವಿಟಮಿನ್ ಇ ಮಾತ್ರೆ ಒಡೆದು ಹಾಕಿದರೆ ಆರು ತಿಂಗಳು ಕೆಡದು ಎನ್ನುವುದು ಶುದ್ಧ ಸುಳ್ಳು. ಅದು ಎಣ್ಣೆ ಕಮಟು ಹಿಡಿಯುವುದನ್ನು ತಡೆಯುತ್ತದೆ, ಬೂಸ್ಟನ್ನಲ್ಲ. ಲೋಳೆ, ಕೊಬ್ಬರಿ ಎಣ್ಣೆ ಕಡೆದು ಮಾಡಿದ ಬಿಳಿಯ ಕ್ರೀಮ್ ಎಂಬುದೂ ಹಾಗೆಯೇ: ಮೊದಲ ದಿನ ಬೆಣ್ಣೆ, ಮೂರನೆಯ ದಿನ ನೀರು ಬೇರೆ ಎಣ್ಣೆ ಬೇರೆ, ಹತ್ತನೆಯ ದಿನ ಮುಚ್ಚಳದಡಿ ಕಪ್ಪು ಚುಕ್ಕಿ. ನನ್ನ ದಾರಿ ಮಂಜುಗಡ್ಡೆಯ ತಟ್ಟೆ. ಲೋಳೆಯನ್ನು ಅದರ ಗುಳಿಗಳಿಗೆ ಸುರಿದು ಹೆಪ್ಪುಗಟ್ಟಿಸಿ, ಬೇಕಾದಾಗ ಒಂದೊಂದೇ ಗಡ್ಡೆ ಕರಗಿಸಿಕೊಳ್ಳುತ್ತೇನೆ. ಒಂದೆರಡು ತಿಂಗಳು ನಡೆಯುತ್ತದೆ. ಕರಗಿದ್ದು ಮೊದಲಿಗಿಂತ ತೆಳ್ಳಗಿದ್ದರೆ ಗಾಬರಿ ಬೇಡ. ಗಡ್ಡೆಯನ್ನೇ ನೇರವಾಗಿ ಮುಖಕ್ಕೆ ಉಜ್ಜಬೇಡಿ.

ಗಿಡ ಇಲ್ಲದವರು ಡಬ್ಬಿ ಕೊಳ್ಳಲಿ, ತಪ್ಪಿಲ್ಲ. ಕಣ್ಣು ಕುಕ್ಕುವ ಹಸಿರು ಬಣ್ಣದ್ದು ಮಾತ್ರ ಬೇಡ. ನಿಜವಾದ ಲೋಳೆಗೆ ಬಣ್ಣವೇ ಇಲ್ಲವೆಂದು ಈಗಷ್ಟೇ ನೋಡಿದಿರಿ. ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ, ಹೀಗೆ ಬರೆದಿರುತ್ತಾರೆ. ಲೋಳೆಸರ ಬಣ್ಣ, ಸುಗಂಧಗಳ ನೆರೆಯಲ್ಲಿ ಕೊನೆಗೆ ಕೂತಿದ್ದರೆ ನೀವು ಕೊಳ್ಳುತ್ತಿರುವುದು ಗಟ್ಟಿ ಮಾಡಿದ ನೀರು. ಕೆಡದಂತೆ ಕಾಯುವ ರಾಸಾಯನಿಕವಿದೆ ಎಂದು ಹೆದರಬೇಡಿ. ಅದಿಲ್ಲದೆ ವರ್ಷಗಟ್ಟಲೆ ಅಂಗಡಿಯ ಕಪಾಟಿನಲ್ಲಿ ಇರುವ ಲೋಳೆಯನ್ನು ಕಂಡರೆ ನಾನು ಹೆಚ್ಚು ಹೆದರುತ್ತೇನೆ.

ಉಳಿದ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ. ನಾಯಿ, ಬೆಕ್ಕು ಇರುವ ಮನೆಯಲ್ಲಿ ಅವುಗಳ ಬಾಯಿಗೆ ಸಿಗದಂತೆ ಮಣ್ಣು ಮುಚ್ಚಿ, ತಿಂದರೆ ವಾಂತಿ ಭೇದಿ ಖಂಡಿತ. ಲೋಟದ ತಳದಲ್ಲಿ ಒಂದು ಚಮಚದಷ್ಟು ಹಳದಿ ರಸ ಕೂತಿರುತ್ತದಲ್ಲ, ಅದನ್ನು ಚೆಲ್ಲುವ ಮುನ್ನ ಮನೆಯವರಿಗೆ ಒಮ್ಮೆ ತೋರಿಸಿ. ಆ ಮದುಮಗಳಿಗೂ ಮದುವೆ ಕಳೆದ ಮೇಲೆ ತೋರಿಸಿದೆ. ಲೋಟಕ್ಕೆ ಮೂಗು ಹತ್ತಿರ ತಂದವಳೇ ಕೆನ್ನೆ ಮುಟ್ಟಿಕೊಂಡಳು.