ಮೊದಲು ಕೆಸರು ಓದಿ, ಆಮೇಲೆ ಪ್ರಾಣಿ ನೋಡಿ

ವನ್ಯಜೀವಿ ನೋಡಲು ಬಾಗಲಕೋಟೆಯವರು ಕಾಡು ಹುಡುಕಿಕೊಂಡು ಹೋಗಬೇಕಿಲ್ಲ. ಹಳೆಯ ಊರಿನ ಅಂಚಿನಲ್ಲಿಯೇ ಘಟಪ್ರಭೆ ಇದೆ, ಆಲಮಟ್ಟಿಯ ಹಿನ್ನೀರಿದೆ. ಮುಳುಗಡೆಯಿಂದ ಜನ ಬಿಟ್ಟುಹೋದ ಜಾಗದಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದೆ. ಮುಂಗುಸಿ, ಉಡ, ನರಿ, ಕಾಡುಬೆಕ್ಕುಗಳಿಗೆ ಇಷ್ಟು ಆಸರೆ ಸಾಕು. ಆದರೂ ಹೆಚ್ಚಿನವರು ದಂಡೆಗುಂಟ ಅಡ್ಡಾಡಿ, ಬೆಳ್ಳಕ್ಕಿ ಬಿಟ್ಟರೆ ಏನೂ ಕಾಣಲಿಲ್ಲ ಎಂದು ಮರಳುತ್ತಾರೆ. ಪ್ರಾಣಿಯನ್ನೇ ಅರಸುತ್ತ ನಡೆದರೆ ಹಾಗೆಯೇ ಆಗುವುದು. ಕಣ್ಣು ಮೊದಲು ನೆಲದ ಮೇಲಿರಬೇಕು.

ಇದಕ್ಕೆ ಕಾಲವೂ ಕೂಡಿಬರಬೇಕು. ಜಲಾಶಯ ಪೂರ್ತಿ, ಅಂದರೆ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ತುಂಬಿದಾಗ ನೀರು ಗಿಡಗಂಟಿಯ ಬುಡದವರೆಗೂ ನಿಂತಿರುತ್ತದೆ. ಆಗ ಓದಲು ನೆಲವೇ ಇರುವುದಿಲ್ಲ. ಚಳಿಗಾಲ ಕಳೆಯುತ್ತ ನೀರು ಹಿಂದೆ ಸರಿದಂತೆ ಎರೆಮಣ್ಣಿನ ಹಸಿ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ರಾತ್ರಿ ನೀರಿಗೆ ಬಂದುಹೋದವರೆಲ್ಲ ಅಲ್ಲಿ ಗುರುತು ಬಿಟ್ಟಿರುತ್ತಾರೆ. ಕೆಸರು ಹೊಳೆಯುತ್ತಿದ್ದರೆ ಕಾಲಿಡಬೇಡಿ, ಮೊಣಕಾಲವರೆಗೂ ಹೂತುಹೋಗಬಹುದು. ಮಣ್ಣು ತುಸು ಬಿರಿಯಲು ಶುರುವಾಗಿರುವ ಕಡೆ ನಿಂತು ನೋಡಿ.

ಬೆಳಗಿನ ಓರೆ ಬಿಸಿಲಿನಲ್ಲಿ ಹೆಜ್ಜೆಯ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಬಹುಪಾಲು ಬೀದಿನಾಯಿಗಳವೇ ಆಗಿರುತ್ತವೆ, ಬೇಸರಪಡಬೇಡಿ. ನಾಯಿಯದು ಅಗಲ, ಬೆರಳು ಬಿಡಿಬಿಡಿ. ನರಿಯದು ಕಿರಿದು, ಉದ್ದ. ನಡುವಿನ ಎರಡು ಉಗುರುಗಳು ಹತ್ತಿರ ಹತ್ತಿರ ಊರಿರುತ್ತವೆ, ಸಾಲು ನೇರವಾಗಿ ಸಾಗುತ್ತದೆ. ಕಾಡುಬೆಕ್ಕಿನ ದುಂಡು ಗುರುತಿನಲ್ಲಿ ಉಗುರೇ ಇಲ್ಲ. ಮುಂಗುಸಿಗೆ ಐದು ಬೆರಳು, ಉದ್ದನೆಯ ಉಗುರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಉಡದ್ದು: ಎರಡೂ ಬದಿಗೆ ಚಾಚಿದ ಪಂಜ, ನಡುವೆ ಬಾಲ ಎಳೆದ ಹಾವಿನಂಥ ಗೆರೆ. ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಮೇಲಿನಿಂದ ನೇರವಾಗಿ ಫೋಟೊ ತೆಗೆದುಕೊಳ್ಳಿ. ಆಮೇಲೆ ಅಳತೆ ಸಿಗುತ್ತದೆ.

ಬಾಲದ ಗೆರೆ ದಪ್ಪವಾಗಿ, ಹೊಟ್ಟೆ ಜಾರಿದ ಅಗಲ ಗುರುತೂ ಇದ್ದರೆ ಅದು ಮೊಸಳೆ. ಮುಂಗಾಲಿಗೆ ಐದು ಬೆರಳು, ಹಿಂಗಾಲಿಗೆ ನಾಲ್ಕು. ಎಣಿಸುತ್ತ ನಿಲ್ಲದೆ ಕೂಡಲೇ ನೀರಿನಿಂದ ದೂರ ಸರಿಯಿರಿ. ಫೆಬ್ರುವರಿಯಿಂದ ಜೂನ್‌ವರೆಗೆ ಮೊಟ್ಟೆ, ಮರಿಗಳ ಕಾಲ. ತಾಯಿ ಗೂಡು ಕಾಯುತ್ತಿರುತ್ತದೆ. ದಂಡೆಯ ಮೀನುಗಾರರಿಗೆ ಮೊಸಳೆ ಬಿಸಿಲು ಕಾಯಿಸುವ ಜಾಗ ಗೊತ್ತಿರುತ್ತದೆ, ಹೊರಡುವ ಮೊದಲೇ ಅವರನ್ನು ಕೇಳಿ.

ಹೆಜ್ಜೆ ಹೆಚ್ಚಿರುವ ದಾರಿ ತಿಳಿದ ಮೇಲೆ ಅಲ್ಲಿಂದ ಐವತ್ತು ಹೆಜ್ಜೆಯಾದರೂ ದೂರ, ಗಾಳಿ ನಿಮ್ಮ ಕಡೆಗೆ ಬೀಸುವಂತೆ, ಬೆನ್ನಿಗೆ ಪೊದೆ ಇರುವಲ್ಲಿ ಕುಳಿತುಬಿಡಿ. ಸೂರ್ಯೋದಯಕ್ಕೆ ಮುಂಚೆ ಅಥವಾ ಸಂಜೆ. ಮಣ್ಣಿನ ಬಣ್ಣದ ಬಟ್ಟೆ ಇರಲಿ, ಮೊಬೈಲ್ ಸದ್ದು ಅಡಗಿರಲಿ. ಮೊದಲ ಅರ್ಧ ಗಂಟೆ ಏನೂ ಕಾಣದಿದ್ದರೆ ಎದ್ದು ಓಡಾಡಬೇಡಿ. ದಂಡೆ ನಿಮ್ಮನ್ನು ಮರೆಯಲು ಅಷ್ಟು ಹೊತ್ತು ಬೇಕು. ಟಿಟ್ಟಿಭ ಒಂದೇ ಸಮನೆ ಕೂಗಿದರೆ ಆ ಕಡೆಗೆ ನೋಡಿ, ಅಲ್ಲಿ ಬೇಟೆಗಾರ ಪ್ರಾಣಿಯೊಂದು ಹಾಯುತ್ತಿರಬಹುದು. ಅದೇ ಹಕ್ಕಿ ನಿಮ್ಮ ನೆತ್ತಿಯ ಮೇಲೆ ಎರಗುತ್ತಿದ್ದರೆ ಅದರ ಮೊಟ್ಟೆ ನಿಮ್ಮ ಕಾಲ ಬಳಿಯೇ ಇದೆ ಎಂದು ತಿಳಿದು ಬಂದ ದಾರಿಯಲ್ಲೇ ಹಿಂತಿರುಗಿ. ಬೇಸಿಗೆಯಲ್ಲಿ ಟಿಟ್ಟಿಭ, ರೀವ (ಟರ್ನ್) ಹಕ್ಕಿಗಳು ಬರಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ.

ಬಿಸ್ಕತ್ತು, ಮಂಡಕ್ಕಿ ಎಸೆಯಬೇಡಿ. ತಿನಿಸಿಗೆ ಮೊದಲು ಬರುವುದು ನಾಯಿಗಳ ಹಿಂಡು, ಹಿಂಡು ಕಂಡ ಕಡೆ ಉಳಿದವು ಸುಳಿಯುವುದಿಲ್ಲ. ಸಾಕಿದ ನಾಯಿಯೂ ಮನೆಯಲ್ಲಿರಲಿ. ಉಡ ಮತ್ತು ಮೊಸಳೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಇರುವ ಮೊದಲ ಅನುಸೂಚಿಯಲ್ಲಿವೆ. ಉಡಕ್ಕೆ ಉರುಳು ಹಾಕಿದ್ದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಗೂಡು, ಬಿಲಗಳ ಫೋಟೊ ಹಂಚಿಕೊಳ್ಳುವಾಗ ಜಾಗದ ಹೆಸರು ಬರೆಯಬೇಡಿ.